ಹೇಂಟೆಯ ಕಾವಿನಿಂದ ಕಾವುಪೆಟ್ಟಿಗೆಗೆ: ಹಾರನಹಳ್ಳಿ ಸೀಮೆಯ ಮನೆಗೋಳಿಯನ್ನು ಕುರಿತು ಒಂದು ಐತಿಹಾಸಿಕ ವಿವೇಚನೆ

ಅರಸರ ವಂಶಾವಳಿ, ಯುದ್ಧ, ದಾನದತ್ತಿ, ಕೆರೆಕಟ್ಟೆಗಳನ್ನು ಕುರಿತು ನಮ್ಮ ಶಾಸನಗಳು ಧಾರಾಳವಾಗಿ ನುಡಿಯುತ್ತವೆ. ಒಕ್ಕಲುಮನೆಯ ಹಿತ್ತಿಲಲ್ಲಿ, ಹುಲ್ಲು ಹಾಸಿದ ಮಂಕರಿಯಲ್ಲಿ ಕಾವಿಗೆ ಕುಳಿತ ಹೇಂಟೆಯನ್ನು ಕುರಿತಾದರೋ ಅವು ಬಹುಮಟ್ಟಿಗೆ ಮೌನವನ್ನೇ ತಾಳಿವೆ. ಆದರೂ ಮೈಸೂರು ಜಿಲ್ಲೆಯ ಪಿರಿಯಾಪಟ್ಟಣ ತಾಲ್ಲೂಕಿನ ಹಾರನಹಳ್ಳಿ ಹೋಬಳಿಯಂತಹ ಸೀಮೆಯಲ್ಲಿ ಮನೆವಾರ್ತೆಯ ಇತಿಹಾಸವನ್ನು ಬರೆಯಹೊರಟವರು ಆ ಮಂಕರಿಯನ್ನು ಬಿಟ್ಟು ಮುಂದೆ ಸಾಗುವಂತಿಲ್ಲ. ಇಂದು ಐವತ್ತು, ನೂರು ಮೊಟ್ಟೆ ಹಿಡಿಯುವ ಸಣ್ಣ ವಿದ್ಯುತ್ ಕಾವುಪೆಟ್ಟಿಗೆಗಳು ಸಾಮಾನ್ಯ ಸಂಸಾರಸ್ಥನ ಕೈಗೂ ಎಟುಕುವಂತಾಗಿವೆ. ಈ ಯಂತ್ರ ಎಲ್ಲಿ ಹುಟ್ಟಿತು, ನಮ್ಮ ಮನೆಗಳಿಗೆ ಬರಲು ಇಷ್ಟು ತಡವೇಕೆ ಆಯಿತು, ಅದನ್ನು ಆರಿಸಿ ಬಳಸುವಲ್ಲಿ ಅರಿಯಬೇಕಾದುದೇನು, ಅದರ ಬರವಿನಿಂದ ಆಗುವ ಲಾಭನಷ್ಟಗಳು ಯಾರವು ಎಂಬುದನ್ನು ಪರಾಮರ್ಶಿಸುವುದೇ ಈ ಲೇಖನದ ಉದ್ದೇಶ.

ಕೋಳಿ ನಮ್ಮ ನಾಡಿಗೆ ಹೊರಗಿನದಲ್ಲ. ಸಾಕುಕೋಳಿಯ ಮುಖ್ಯ ಮೂಲ ಕೆಂಪು ಕಾಡುಕೋಳಿಯೆಂಬುದು ವಿದ್ವಾಂಸರ ಸಾಮಾನ್ಯ ಅಭಿಪ್ರಾಯ. ಆದರೆ ೨೦೦೮ರಲ್ಲಿ ಪ್ರಕಟವಾದ ಆನುವಂಶಿಕ ಸಂಶೋಧನೆಯೊಂದು, ಅನೇಕ ಸಾಕುಕೋಳಿಗಳಲ್ಲಿ ಕಾಣುವ ಹಳದಿ ಚರ್ಮದ ಗುಣವು ಬೂದು ಕಾಡುಕೋಳಿಯಿಂದ ಬಂದುದೆಂದು ತೋರಿಸಿತು. ಈ ಬೂದು ಕಾಡುಕೋಳಿಯು ದಕ್ಷಿಣ ಮತ್ತು ಪಶ್ಚಿಮ ಭಾರತದ ಕಾಡುಗಳಿಗೆ ಸೇರಿದುದು. ಹುಣಸೂರು, ಹೆಗ್ಗಡದೇವನಕೋಟೆಗಳ ಅಂಚಿನ ನಾಗರಹೊಳೆ ಕಾಡಿನಲ್ಲಿ ಇದರ ಕೂಗು ಇಂದಿಗೂ ಕೇಳಿಬರುತ್ತದೆ. ಸಾಹಿತ್ಯದಲ್ಲಿಯೂ ಕೋಳಿಗೆ ಸ್ಥಾನವುಂಟು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ರಚಿಸಿದ 'ಮಾನಸೋಲ್ಲಾಸ'ದ ವಿನೋದಗಳಲ್ಲಿ ಕುಕ್ಕುಟವಿನೋದವೂ ಒಂದು. ಕ್ರಿ.ಶ. ೧೨೦೯ರಲ್ಲಿ ಜನ್ನನು ಬರೆದ 'ಯಶೋಧರ ಚರಿತೆ'ಯ ಕಥೆ ಹಿಟ್ಟಿನ ಕೋಳಿಯೊಂದರ ಬಲಿಯ ಸುತ್ತ ಹೆಣೆದುಕೊಂಡಿದೆ. ಇವೆರಡರಲ್ಲಿಯೂ ಕಾಣುವುದು ಅಂಕದ ಕೋಳಿ ಅಥವಾ ಬಲಿಯ ಕೋಳಿ ಎಂಬುದನ್ನು ಗಮನಿಸಬೇಕು. ಮೊಟ್ಟೆಯಿಟ್ಟು, ಕಾವು ಕೊಟ್ಟು, ಪಿಳ್ಳೆಗಳನ್ನು ಹದ್ದಿನ ಕಣ್ಣಿಂದ ಕಾಪಾಡಿದ ಹೇಂಟೆಗೆ ಆ ಪ್ರಸಿದ್ಧಿ ದೊರೆಯಲಿಲ್ಲ. ಹುಂಜವು ಆಸ್ಥಾನವನ್ನೂ ಗುಡಿಯ ಅಂಗಳವನ್ನೂ ಸೇರಿತು. ಹೇಂಟೆ ಹಿತ್ತಿಲಲ್ಲಿಯೇ ಉಳಿಯಿತು.

ಹಿತ್ತಿಲು ಹೆಂಗಸರ ಆಡಳಿತಕ್ಕೆ ಒಳಪಟ್ಟ ಸೀಮೆ. ಹೊಲದ ಪೈರು, ದನಕರು, ಸಾಲಸೋಲಗಳು ಯಜಮಾನನ ಲೆಕ್ಕಕ್ಕೆ ಸೇರಿದರೆ, ಕೋಳಿಯ ಆದಾಯ ಸಾಮಾನ್ಯವಾಗಿ ಮನೆಯೊಡತಿಯ ಕೈಗೇ ಸೇರುತ್ತಿತ್ತು. ಬಳೆಗಾರನಿಗೆ ಕೊಡುವ ದುಡ್ಡು, ಮಗುವಿನ ಔಷಧ, ಸಂತೆಯ ಉಪ್ಪುಮೆಣಸು, ನೆಂಟರು ಬಂದಾಗಿನ ಸಾರು, ಇವೆಲ್ಲ ಈ ನಿಧಿಯಿಂದಲೇ ಸಾಗುತ್ತಿದ್ದುವು. ಕೋಳಿಯಿಲ್ಲದ ಬಡವೆಗೆ ಮತ್ತೊಬ್ಬಳು ಹೇಂಟೆಯನ್ನು ವಾರಕ್ಕೆ ಕೊಟ್ಟು, ಆದ ಮರಿಗಳನ್ನು ಇಬ್ಬರೂ ಪಾಲು ಮಾಡಿಕೊಳ್ಳುವ ಪದ್ಧತಿಯೂ ಹಳ್ಳಿಗಳಲ್ಲಿ ಬಳಕೆಯಲ್ಲಿದ್ದಿತು. ಈ ವ್ಯವಹಾರಕ್ಕೆ ಪತ್ರವಿಲ್ಲ, ಸಾಕ್ಷಿಯಿಲ್ಲ. ಆದುದರಿಂದಲೇ ಇತಿಹಾಸಕಾರನ ಕಣ್ಣಿಗೆ ಅದು ಬೀಳಲಿಲ್ಲ. ಆದರೆ ಮೂಲಧನವೇ ಮರಿಯಿಡುವಂತಹ ಸಂಪತ್ತು ಬಡವರಿಗೆ ಇದೊಂದೇ ಆಗಿದ್ದ ಮನೆಗಳು ಅನೇಕ. ಹೀಗಿರುವಲ್ಲಿ ಮರಿ ಮಾಡಿಸುವ ಶಕ್ತಿ ಯಾರ ಕೈಯಲ್ಲಿದೆ ಎಂಬ ಪ್ರಶ್ನೆಯನ್ನು ಕೇವಲ ಯಂತ್ರಶಿಲ್ಪಕ್ಕೆ ಸೇರಿದುದೆಂದು ಬದಿಗಿಡುವಂತಿಲ್ಲ.

ನಾಟಿ ಹೇಂಟೆಯ ಜೀವನಕ್ರಮವನ್ನು ತುಸು ಲೆಕ್ಕಹಾಕಿ ನೋಡೋಣ. ಅದು ಒಂದು ಸರದಿಗೆ ಹತ್ತರಿಂದ ಹದಿನೈದು ಮೊಟ್ಟೆಗಳನ್ನಿಟ್ಟು ಕಾವಿಗೆ ಕೂರುತ್ತದೆ. ಮೊಟ್ಟೆ ಒಡೆಯಲು ೨೧ ದಿನ. ಬಳಿಕ ಮರಿಗಳು ತಾಯಿಯನ್ನು ಅಗಲಲು ಎರಡು ಮೂರು ತಿಂಗಳು. ಹೀಗಾಗಿ ವರ್ಷಕ್ಕೆ ಮೂರು ನಾಲ್ಕು ಸರದಿಗಳಿಗಿಂತ ಹೆಚ್ಚು ಸಾಧ್ಯವಾಗದು. ಒಟ್ಟು ಮೊಟ್ಟೆಗಳು ಐವತ್ತರ ಆಸುಪಾಸಿನಲ್ಲಿಯೇ ನಿಲ್ಲುತ್ತವೆ. ಮೊಟ್ಟೆಗಳನ್ನು ತೆಗೆದು ಬೇರೆಡೆ ಕಾವು ಕೊಟ್ಟಲ್ಲಿ ಹೇಂಟೆ ಕೆಲವೇ ವಾರಗಳಲ್ಲಿ ಮತ್ತೆ ಮೊಟ್ಟೆಗೆ ಬರುತ್ತದೆ. ಕೃತಕ ಕಾವಿನ ಮೂಲತತ್ತ್ವ ಇಷ್ಟೇ: ತಾಯ್ತನದ ಕಾಲವನ್ನು ಹೇಂಟೆಯಿಂದ ಇಳಿಸಿ ಯಂತ್ರಕ್ಕೆ ಹೊರಿಸುವುದು.

ಈ ತತ್ತ್ವವನ್ನು ಮೊದಲು ದೊಡ್ಡ ಪ್ರಮಾಣದಲ್ಲಿ ಆಚರಣೆಗೆ ತಂದ ನಾಡುಗಳಲ್ಲಿ ಈಜಿಪ್ಟು ಅಗ್ರಗಣ್ಯ. ಅಲ್ಲಿ ಗೊಬ್ಬರದ ಕಾವಿನಲ್ಲಿ ಮೊಟ್ಟೆಯೊಡೆಯಿಸುವ ವಾಡಿಕೆಯನ್ನು ಕ್ರಿ.ಪೂ. ನಾಲ್ಕನೆಯ ಶತಮಾನದಲ್ಲಿ ಅರಿಸ್ಟಾಟಲನು ಉಲ್ಲೇಖಿಸಿದ್ದಾನೆ, ಕ್ರಿ.ಪೂ. ಒಂದನೆಯ ಶತಮಾನದ ಡಿಯೊಡೋರಸನೂ ಈಜಿಪ್ಟಿನವರ ಈ ಕೌಶಲವನ್ನು ಕೊಂಡಾಡಿದ್ದಾನೆ. ಹಸಿಯಿಟ್ಟಿಗೆಯ ಒಲೆಮನೆಗಳಲ್ಲಿ ಸಹಸ್ರಾರು ಮೊಟ್ಟೆಗಳನ್ನು ಹರಡಿ, ಒಣಸಗಣಿಯ ಬೆಂಕಿಯಿಂದ ಕಾವು ಕೊಟ್ಟು, ಕೈಯಿಂದ ತಿರುವಿ, ಉಷ್ಣಮಾಪಕವಿಲ್ಲದೆ ಮೊಟ್ಟೆಯನ್ನು ಕಣ್ಣಿನ ರೆಪ್ಪೆಗೆ ಒತ್ತಿ ಕಾವಿನ ಹದವನ್ನು ಅರಿಯುತ್ತಿದ್ದರು. ಈ ವಿದ್ಯೆ ಕೆಲವು ಮನೆತನಗಳ ಗುಟ್ಟಾಗಿ ತಂದೆಯಿಂದ ಮಗನಿಗೆ ಇಳಿದು ಬಂದಿತು. ಚೀನದಲ್ಲಿಯೂ ಕಾಯಿಸಿದ ಧಾನ್ಯ, ಉಮಿಗಳ ನಡುವೆ ಮೊಟ್ಟೆಗಳನ್ನಿಟ್ಟು ಮರಿಮಾಡಿಸುವ ಪ್ರಾಚೀನ ಪದ್ಧತಿಯಿದ್ದಿತು.

ಯೂರೋಪಿನಲ್ಲಿ ಹದಿನೇಳನೆಯ ಶತಮಾನದ ಆದಿಭಾಗದಲ್ಲಿ ಡಚ್ ಯಂತ್ರಕುಶಲಿ ಕಾರ್ನೆಲಿಸ್ ಡ್ರೆಬಲನು ಬೆಂಕಿಯ ಗಾಳಿಯಾಟವನ್ನು ತಾನಾಗಿಯೇ ಹೆಚ್ಚುಕಡಿಮೆ ಮಾಡಿ ಉಷ್ಣವನ್ನು ಸಮವಾಗಿರಿಸುವ ಉಪಾಯವನ್ನು ಕಂಡುಹಿಡಿದನು. ಅದರ ಒಂದು ಪ್ರಯೋಜನ ಮೊಟ್ಟೆಗೆ ಕಾವು ಕೊಡುವುದೇ ಆಗಿದ್ದಿತು. ಇಂದು ಎಲ್ಲೆಡೆ ಕಾಣುವ ಉಷ್ಣನಿಯಂತ್ರಕದ ವಂಶಮೂಲಗಳಲ್ಲಿ ಕೋಳಿಮೊಟ್ಟೆಯೂ ಸೇರಿದೆಯೆಂಬುದು ಸ್ವಾರಸ್ಯಕರವಾದ ವಿಷಯ. ಫ್ರಾನ್ಸಿನ ವಿಜ್ಞಾನಿ ರೆಓಮ್ಯೂರನು ೧೭೪೯ರಲ್ಲಿ ಕೃತಕ ಕಾವನ್ನು ಕುರಿತು ಒಂದು ಗ್ರಂಥವನ್ನೇ ಪ್ರಕಟಿಸಿದನು. ೧೮೮೧ರಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ಹಿಯರ್ಸನನು, ಕಾವೇರಿದಾಗ ಉಬ್ಬುವ ದ್ರವದ ಪುಟ್ಟ ಕೋಶವೊಂದರಿಂದ ದೀಪದ ಕಾವನ್ನು ನಿಯಂತ್ರಿಸುವ ಪೆಟ್ಟಿಗೆಯನ್ನು ರೂಪಿಸಿದನು. ಇದೇ ಕಾಲಕ್ಕೆ ಅಮೆರಿಕದ ಕ್ಯಾಲಿಫೋರ್ನಿಯದ ಪೆಟಲೂಮ ಪಟ್ಟಣದಲ್ಲಿ ಲೈಮನ್ ಬೈಸನ ಯಂತ್ರವು ಕೋಳಿಸಾಕಣೆಯನ್ನು ದೊಡ್ಡ ಉದ್ಯಮವನ್ನಾಗಿ ಮಾಡಿತು. ೧೯೧೮ರಲ್ಲಿ ಎಸ್. ಬಿ. ಸ್ಮಿತ್ತನು ಬೀಸಣಿಗೆಯಿಂದ ಗಾಳಿಯನ್ನು ತಿರುಗಿಸುವ ಕ್ರಮಕ್ಕೆ ಹಕ್ಕುಪತ್ರ ಪಡೆದನು. ಮೊಟ್ಟೆಗಳನ್ನು ಅಂತಸ್ತಂತಸ್ತಾಗಿ ಪೇರಿಸಿ ಒಂದೇ ಕೋಣೆಯಲ್ಲಿ ಸಾವಿರಗಟ್ಟಲೆ ಮರಿಮಾಡಿಸುವುದು ಇದರಿಂದ ಸುಲಭವಾಯಿತು. ಅಲ್ಲಿಂದ ಮುಂದೆ ಕಾವು ಮನೆಯನ್ನು ಬಿಟ್ಟು ಕಾರ್ಖಾನೆಯನ್ನು ಸೇರಿತು.

ಭಾರತದಲ್ಲಿ ಉತ್ತಮ ತಳಿಗಳ ಪ್ರಸಾರಕ್ಕೆ ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಉತ್ತರದ ಇಟಾ, ತಿರುವಾಂಕೂರಿನ ಮಾರ್ತಾಂಡಂ ಮೊದಲಾದ ಕಡೆಗಳ ಗ್ರಾಮಸೇವಾ ಕೇಂದ್ರಗಳು ಶ್ರಮಿಸಿದುವು. ೧೯೩೯ರಲ್ಲಿ ಇಜ್ಜತ್‌ನಗರದಲ್ಲಿ ಕೋಳಿ ಸಂಶೋಧನ ವಿಭಾಗವು ಆರಂಭವಾಯಿತು. ೧೯೫೨ರ ಅಕ್ಟೋಬರ್ ೨ರಂದು ಸಮುದಾಯ ಅಭಿವೃದ್ಧಿ ಯೋಜನೆ ಮೊದಲಾದ ಮೇಲೆ ವೈಟ್ ಲೆಗ್‌ಹಾರ್ನ್, ರೋಡ್ ಐಲೆಂಡ್ ರೆಡ್ ಜಾತಿಯ ಹುಂಜಗಳನ್ನು ಹಳ್ಳಿಗಳಿಗೆ ಹಂಚಿ ನಾಟಿ ಕೋಳಿಯನ್ನು ಸುಧಾರಿಸುವ ಯತ್ನ ನಡೆಯಿತು. ಎರಡನೆಯ ಪಂಚವಾರ್ಷಿಕ ಯೋಜನೆಯ ಕೊನೆಯ ಭಾಗದಲ್ಲಿ ಸ್ಥಾಪಿತವಾದ ಪ್ರಾದೇಶಿಕ ಕೋಳಿಕ್ಷೇತ್ರಗಳಲ್ಲಿ ಬೆಂಗಳೂರಿನ ಬಳಿಯ ಹೆಸರಘಟ್ಟದ್ದೂ ಒಂದು. ೧೯೫೮ರಲ್ಲಿ ಹೆಬ್ಬಾಳದಲ್ಲಿ ಪಶುವೈದ್ಯ ಕಾಲೇಜು ಆರಂಭವಾಯಿತು. ೧೯೬೪ರಲ್ಲಿ ಕೃಷಿ ವಿಶ್ವವಿದ್ಯಾನಿಲಯ ಹುಟ್ಟಿದ ಮೇಲೆ ಕಾಲೇಜು ಅದರೊಳಗೆ ಸೇರಿ, ೧೯೮೯ರಲ್ಲಿ ಅಲ್ಲಿನ ಕೋಳಿವಿಜ್ಞಾನ ವಿಭಾಗದಿಂದ 'ಗಿರಿರಾಜ' ತಳಿ ಹೊರಬಂದಿತು. ಹಿತ್ತಿಲ ಸಾಕಣೆಗೆ ಒಗ್ಗುವ, ಬಣ್ಣದ ಗರಿಯ ಈ ಕೋಳಿ ಹಳ್ಳಿಯ ಹೆಂಗಸರ ಮನಸ್ಸನ್ನು ಬಹುಬೇಗ ಗೆದ್ದಿತು.

ಆದರೆ ಇಲ್ಲಿಯೇ ಒಂದು ತೊಡಕು ತಲೆದೋರಿತು. ಹೆಚ್ಚು ಮೊಟ್ಟೆಯಿಡುವ ಗುಣಕ್ಕಾಗಿ ತಲೆಮಾರುಗಳಿಂದ ಆಯ್ದ ಕೋಳಿಗಳು ಕಾವು ಕೂರುವ ಬುದ್ಧಿಯನ್ನು ಬಹುಮಟ್ಟಿಗೆ ಕಳೆದುಕೊಂಡಿರುತ್ತವೆ. ವೈಟ್ ಲೆಗ್‌ಹಾರ್ನ್ ಹೇಂಟೆ ಕಾವಿಗೆ ಕೂರುವುದು ಅತ್ಯಪರೂಪ. ಸಂಕರ ತಳಿಯ ಕೋಳಿಗಳ ಮೊಟ್ಟೆಯಿಂದ ಮನೆಯಲ್ಲಿ ಮರಿಮಾಡಿಸಿದರೂ, ತಾಯಿತಂದೆಗಳ ಗುಣ ಮರಿಗಳಲ್ಲಿ ಅದೇ ಸಮನಾಗಿ ಇಳಿಯುವುದಿಲ್ಲ. ಆದುದರಿಂದ ಸುಧಾರಿತ ಕೋಳಿಯನ್ನು ಸಾಕಿದವಳು ಪ್ರತಿಸಾರಿಯೂ ಮರಿಗಾಗಿ ಕೇಂದ್ರದ ಬಾಗಿಲಿಗೆ ಹೋಗಬೇಕಾಯಿತು. ಮೊಟ್ಟೆಯ ಸಂಖ್ಯೆ ಹೆಚ್ಚಿತು. ಮರಿಮಾಡಿಸುವ ಸ್ವಾತಂತ್ರ್ಯ ಕುಗ್ಗಿತು. ಇದನ್ನು ಯಾರ ತಪ್ಪೆಂದೂ ಹೇಳುವಂತಿಲ್ಲ. ಒಂದು ಲಾಭಕ್ಕೆ ತೆತ್ತ ಬೆಲೆಯೆಂದು ಗುರುತಿಸಿದರೆ ಸಾಕು.

ಹಾಗಾದರೆ ಮನೆಯ ಕಾವುಪೆಟ್ಟಿಗೆ ಮೊದಲೇ ಏಕೆ ಬರಲಿಲ್ಲ? ಮೂರು ಕಾರಣಗಳನ್ನು ಹೇಳಬಹುದು. ಮೊದಲನೆಯದು, ಶಕ್ತಿಯ ಅಭಾವ. ಶಿವನಸಮುದ್ರದ ವಿದ್ಯುತ್ತು ೧೯೦೨ರಲ್ಲಿ ಕೋಲಾರದ ಚಿನ್ನದ ಗಣಿಗೂ, ೧೯೦೫ರಲ್ಲಿ ಬೆಂಗಳೂರಿಗೂ, ೧೯೦೮ರಲ್ಲಿ ಮೈಸೂರಿಗೂ ಹರಿಯಿತಾದರೂ ಒಳನಾಡಿನ ಹಳ್ಳಿಗಳಿಗೆ ಅದು ತಲುಪಲು ದಶಕಗಳೇ ಹಿಡಿದುವು. ಸೀಮೆಎಣ್ಣೆಯ ಕಾವುಪೆಟ್ಟಿಗೆಗೆ ಹಗಲಿರುಳು ಬತ್ತಿಯನ್ನು ಕಾಯಬೇಕು, ಎಣ್ಣೆಯನ್ನು ಕೊಳ್ಳಬೇಕು. ಎರಡನೆಯದು, ಕಾವುಕೋಳಿಯ ಅಗ್ಗತನ. ಬೇಡದೆಯೇ ಕಾವು ಕೊಡುವ ಹೇಂಟೆ ಮನೆಯಲ್ಲಿರುವಾಗ ಯಂತ್ರಕ್ಕೆ ಹಣ ಸುರಿಯುವವರಾರು? ಮೂರನೆಯದು, ರೋಗದ ಭೀತಿ. ೧೯೨೦ರ ದಶಕದ ಕೊನೆಯಲ್ಲಿ ಭಾರತದಲ್ಲಿ ಗುರುತಿಸಲಾಗಿ ರಾಣಿಕೇತವೆಂದು ಹೆಸರಾದ ರೋಗವನ್ನು ನಮ್ಮವರು ಕೊಕ್ಕರೆ ರೋಗವೆಂದು ಕರೆಯುತ್ತಾರೆ. ಅದು ಒಮ್ಮೆ ಊರು ಹೊಕ್ಕರೆ ಕೋಳಿಗೂಡುಗಳು ಬರಿದಾಗುತ್ತಿದ್ದುವು. ಲಸಿಕೆ ಕೈಗೆ ಸಿಕ್ಕುವ ತನಕ ನೂರು ಮರಿಗಳನ್ನು ಒಂದೇ ಸಾರಿಗೆ ಮಾಡಿಸುವುದು ನೂರನ್ನೂ ಒಂದೇ ಸಾರಿಗೆ ಕಳೆದುಕೊಳ್ಳುವ ಹಾದಿಯೇ ಆಗಿದ್ದಿತು.

ಹಾರನಹಳ್ಳಿ ಸೀಮೆಯ ಒಂದು ವೈಶಿಷ್ಟ್ಯವನ್ನು ಇಲ್ಲಿ ಹೇಳಬೇಕು. ಪಿರಿಯಾಪಟ್ಟಣ, ಹುಣಸೂರು, ಹೆಗ್ಗಡದೇವನಕೋಟೆ, ಕೃಷ್ಣರಾಜನಗರ ತಾಲ್ಲೂಕುಗಳು ವರ್ಜೀನಿಯ ಹೊಗೆಸೊಪ್ಪಿಗೆ ಹೆಸರಾದುವು. ಬ್ಯಾರನ್ನಿನಲ್ಲಿ ಸೊಪ್ಪನ್ನು ಹದಗೊಳಿಸುವ ರೈತ ಐದಾರು ದಿನ ರಾತ್ರಿ ನಿದ್ದೆಗೆಟ್ಟು ಉಷ್ಣಮಾಪಕವನ್ನು ನೋಡುತ್ತಾನೆ. ಎಲೆ ಹಳದಿಗೆ ತಿರುಗುವ ಮೊದಲ ಘಟ್ಟದಲ್ಲಿ ಕಾವು ಸುಮಾರು ೯೦ರಿಂದ ೧೦೦ ಡಿಗ್ರಿ ಫ್ಯಾರನ್‌ಹೀಟ್ ಇದ್ದು ಗಾಳಿ ತೇವವಾಗಿರಬೇಕು. ಬಳಿಕ ಗಾಳಿಕಿಂಡಿಗಳನ್ನು ತೆರೆದು ತೇವವನ್ನು ಹೊರಗಟ್ಟಿ ಕಾವನ್ನು ಮೆಲ್ಲಮೆಲ್ಲನೆ ೧೬೦ರ ವರೆಗೆ ಏರಿಸಬೇಕು. ಕಾವು, ತೇವ, ಗಾಳಿ ಈ ಮೂರರ ಹೊಂದಾಣಿಕೆಯೇ ಕಾವುಪೆಟ್ಟಿಗೆಯ ವಿದ್ಯೆಯೂ ಹೌದು. ಮೊಟ್ಟೆಗೆ ಬೇಕಾದ ಕಾವು ಸೊಪ್ಪು ಹಳದಿಯಾಗುವ ಕಾವಿಗೆ ಅತಿ ಸಮೀಪದ್ದು. ಬೇರೆಡೆಯ ಹಳ್ಳಿಗರಿಗೆ ಹೊಸದಾಗಿ ಕಲಿಸಬೇಕಾದುದನ್ನು ಇಲ್ಲಿನವರು ಬೇರೊಂದು ಹೆಸರಿನಲ್ಲಿ ಆಗಲೇ ಬಲ್ಲರು.

ಈಗ ಯಂತ್ರದ ಆಯ್ಕೆಯನ್ನು ವಿಚಾರಿಸೋಣ. ಮೊದಲು ನಿರ್ಧರಿಸಬೇಕಾದುದು ಗಾತ್ರವನ್ನು. ಕಾವಿಗಿಡುವ ಮೊಟ್ಟೆ ಒಂದು ವಾರಕ್ಕಿಂತ ಹಳೆಯದಾಗಬಾರದು. ಆದುದರಿಂದ ವಾರದಲ್ಲಿ ಎಷ್ಟು ಒಳ್ಳೆಯ ಮೊಟ್ಟೆ ಕೂಡುವುದೋ ಅಷ್ಟೇ ಪೆಟ್ಟಿಗೆಯ ಗಾತ್ರ. ಹತ್ತು ಹನ್ನೆರಡು ಹೇಂಟೆ, ಒಂದು ಹುಂಜವಿರುವ ಮನೆಗೆ ಐವತ್ತು ಮೊಟ್ಟೆಯ ಯಂತ್ರ ಸಾಕಾಗಿ ಉಳಿಯುತ್ತದೆ. ಎರಡನೆಯದು, ಗಾಳಿಯ ವ್ಯವಸ್ಥೆ. ಬೀಸಣಿಗೆಯಿರುವ ಪೆಟ್ಟಿಗೆಯಲ್ಲಿ ಕಾವು ಎಲ್ಲೆಡೆ ಸಮವಾಗಿ ಹರಡುತ್ತದೆ. ಬೀಸಣಿಗೆಯಿಲ್ಲದುದರಲ್ಲಿ ಮೇಲಿನ ಗಾಳಿ ಬಿಸಿ, ಕೆಳಗಿನದು ತಂಪು. ಮೂರನೆಯದು, ಗೋಡೆಯ ದಪ್ಪ. ವಿದ್ಯುತ್ತು ನಿಂತಾಗ ಕಾವನ್ನು ಹಿಡಿದಿಡುವುದು ಗೋಡೆಯೇ ಹೊರತು ಗುಂಡಿಗಳೂ ದೀಪಗಳೂ ಅಲ್ಲ. ನಾಲ್ಕನೆಯದು, ಬ್ಯಾಟರಿಯಿಂದಲೂ ನಡೆಯುವ ಅನುಕೂಲ. ಐದನೆಯದು, ಒಳಭಾಗವನ್ನು ತೊಳೆದು ಬಿಸಿಲಿಗಿಡಲು ಸಾಧ್ಯವೇ ಎಂಬುದು. ಮೊಟ್ಟೆಗಳನ್ನು ತಾನೇ ತಿರುವುವ ವ್ಯವಸ್ಥೆಯಿದ್ದರೆ ಒಳ್ಳೆಯದು. ಇಲ್ಲದಿದ್ದರೆ ಕೈಯಿಂದ ತಿರುವಬಹುದು. ಯಂತ್ರದ ಅಂಕಿಯನ್ನು ಮಾತ್ರ ನಂಬತಕ್ಕದ್ದಲ್ಲ. ನಂಬಿಕೆಯ ಉಷ್ಣಮಾಪಕವೊಂದನ್ನು ಒಳಗಿಟ್ಟು, ಮೊಟ್ಟೆಯಿಡುವ ಮುನ್ನ ಒಂದು ದಿನವಾದರೂ ಬರಿಯ ಯಂತ್ರವನ್ನು ನಡೆಸಿ ನೋಡಬೇಕು.

ಬಳಕೆಯ ಕ್ರಮ ಹೀಗಿದೆ. ಬಿರುಕಿಲ್ಲದ, ಅತಿ ದೊಡ್ಡದೂ ಅತಿ ಚಿಕ್ಕದೂ ಅಲ್ಲದ, ಶುಭ್ರವಾದ ಮೊಟ್ಟೆಗಳನ್ನು ಆರಿಸಿ, ಚೂಪಾದ ತುದಿ ಕೆಳಗಿರುವಂತೆ ತಂಪಾದ ಕಡೆ ಕೂಡಿಡಬೇಕು. ಕೊಳೆಯಾದುವನ್ನು ತಣ್ಣೀರಿನಲ್ಲಿ ತೊಳೆಯಬಾರದು. ಚಿಪ್ಪಿನ ಸೂಕ್ಷ್ಮರಂಧ್ರಗಳ ಮೂಲಕ ಕೊಳೆ ಒಳಸೇರುತ್ತದೆ. ಬೀಸಣಿಗೆಯ ಯಂತ್ರದಲ್ಲಿ ೯೯.೫ರಿಂದ ೧೦೦ ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು ೩೭.೫ ಡಿಗ್ರಿ ಸೆಂಟಿಗ್ರೇಡ್ ಇರಬೇಕು. ಬೀಸಣಿಗೆಯಿಲ್ಲದುದರಲ್ಲಿ ಮೊಟ್ಟೆಯ ನೆತ್ತಿಯ ಮಟ್ಟದಲ್ಲಿ ೧೦೧.೫ರಿಂದ ೧೦೨ ಡಿಗ್ರಿ ಫ್ಯಾರನ್‌ಹೀಟ್. ಮೊದಲ ೧೮ ದಿನ ಗಾಳಿಯ ತೇವ ನೂರಕ್ಕೆ ೫೫ರಿಂದ ೬೦, ಕೊನೆಯ ಮೂರು ದಿನ ೬೫ರಿಂದ ೭೦ ಇರುವುದು ಯುಕ್ತ. ಒದ್ದೆಬಟ್ಟೆ ಸುತ್ತಿದ ಉಷ್ಣಮಾಪಕವು ಮೊದಲ ಅವಧಿಯಲ್ಲಿ ೮೬ ಡಿಗ್ರಿಯ ಆಸುಪಾಸಿನಲ್ಲಿಯೂ ಕೊನೆಯಲ್ಲಿ ೯೦ರ ಬಳಿಯೂ ನಿಂತರೆ ತೇವ ಸರಿಯಿದೆಯೆಂದು ತಿಳಿಯಬಹುದು. ದಿನಕ್ಕೆ ಮೂರು ಅಥವಾ ಐದು ಸಾರಿ ಮೊಟ್ಟೆಯನ್ನು ತಿರುವಬೇಕು. ಬೆಸ ಸಂಖ್ಯೆಗೆ ಕಾರಣವುಂಟು: ದೀರ್ಘವಾದ ರಾತ್ರಿಯ ಅವಧಿಯಲ್ಲಿ ಮೊಟ್ಟೆ ಪ್ರತಿದಿನವೂ ಒಂದೇ ಮಗ್ಗುಲಲ್ಲಿ ಉಳಿಯದಿರಲೆಂದು. ತಿರುವದಿದ್ದಲ್ಲಿ ಭ್ರೂಣ ಚಿಪ್ಪಿನ ಒಳಪೊರೆಗೆ ಅಂಟಿಕೊಳ್ಳುವ ಅಪಾಯವಿದೆ. ಏಳನೆಯ ದಿನ ಕತ್ತಲಕೋಣೆಯಲ್ಲಿ ದೀಪಕ್ಕೆ ಹಿಡಿದು ನೋಡಿದರೆ ಜೀವವಿರುವ ಮೊಟ್ಟೆಯಲ್ಲಿ ಜೇಡದ ಕಾಲುಗಳಂತೆ ಹರಡಿದ ರಕ್ತನಾಳಗಳು ಕಾಣುತ್ತವೆ. ತಿಳಿಯಾಗಿ ಕಾಣುವುದು ಬರಡುಮೊಟ್ಟೆ. ಹದಿನೆಂಟನೆಯ ದಿನದಿಂದ ತಿರುವುವುದನ್ನು ನಿಲ್ಲಿಸಬೇಕು. ಮರಿ ಚಿಪ್ಪನ್ನು ಕುಟುಕತೊಡಗಿದ ಮೇಲೆ ಕುತೂಹಲಕ್ಕಾಗಿ ಪೆಟ್ಟಿಗೆಯನ್ನು ತೆರೆಯಬಾರದು. ತೇವ ಹೊರಹೋದರೆ ಪೊರೆ ಒಣಗಿ ಮರಿಗೆ ಬಿಗಿಯಾಗುತ್ತದೆ.

ವಿದ್ಯುತ್ತು ನಿಂತಿತೆಂದು ಎದೆಗೆಡಬೇಕಾಗಿಲ್ಲ. ಕಾವುಕೋಳಿಯೂ ದಿನಕ್ಕೊಮ್ಮೆ ಮೇವು ನೀರಿಗಾಗಿ ಎದ್ದು ಹೋಗುತ್ತದಷ್ಟೆ. ಅಲ್ಪಕಾಲದ ತಂಪನ್ನು ಮೊಟ್ಟೆ ಸಹಿಸಬಲ್ಲುದು. ಪೆಟ್ಟಿಗೆಯನ್ನು ಮುಚ್ಚಿಯೇ ಇರಿಸಿ, ಗಾಳಿಕಿಂಡಿಗಳನ್ನು ಪೂರ್ತಿ ಮುಚ್ಚದಂತೆ ಮೇಲೊಂದು ಕಂಬಳಿ ಹೊದಿಸಿದರೆ ಸಾಮಾನ್ಯವಾಗಿ ಸಾಕು. ಮೊಟ್ಟೆಗೆ ಹೆಚ್ಚು ಮಾರಕವಾದುದು ಅತಿ ಕಾವು. ತಂಪಿನಿಂದ ಮರಿ ತಡವಾಗಿ ಹೊರಬಂದೀತು, ಕಾವು ಮೂರು ನಾಲ್ಕು ಡಿಗ್ರಿ ಏರಿ ನಿಂತರೆ ಬಾರದೆಯೇ ಹೋದೀತು. ಇದನ್ನು ನಮ್ಮ ಅಜ್ಜಿಯರು ಅಂಕಿಗಳಿಲ್ಲದೆಯೇ ತಿಳಿದಿದ್ದರು. ಬೇಸಗೆಯಲ್ಲಿ ಕಾವುಕೋಳಿಯ ಮಂಕರಿಯನ್ನು ತಂಪಾದ ಮೂಲೆಯಲ್ಲಿಡುವುದು, ಮೊಟ್ಟೆಯನ್ನು ಬಿಸಿಲಿಗೆ ಹಿಡಿದು ಬೆರಳುಗಳ ನಡುವೆ ನೋಡುವುದು, ಕೊನೆಯ ದಿನಗಳಲ್ಲಿ ಉಗುರುಬೆಚ್ಚಗಿನ ನೀರಿನಲ್ಲಿ ತೇಲಿಬಿಟ್ಟು ಅಲುಗಾಟವನ್ನು ಪರೀಕ್ಷಿಸುವುದು, ಇವೆಲ್ಲ ಅನುಭವಜನ್ಯವಾದ ಪ್ರಯೋಗಗಳೇ.

ಮರಿ ಹೊರಬಂದಲ್ಲಿಗೆ ಕೆಲಸ ಮುಗಿಯದು. ತಾಯಿಯಿಲ್ಲದ ಮರಿಗೆ ತಾಯಿಯ ರೆಕ್ಕೆಯನ್ನೂ ನಾವೇ ಒದಗಿಸಬೇಕು. ಮೊದಲ ವಾರ ಸುಮಾರು ೯೫ ಡಿಗ್ರಿ ಫ್ಯಾರನ್‌ಹೀಟ್ ಕಾವಿಟ್ಟು, ವಾರಕ್ಕೆ ಐದು ಡಿಗ್ರಿಯಂತೆ ಇಳಿಸಬೇಕು. ಮರಿಗಳು ದೀಪದ ಕೆಳಗೆ ಒತ್ತೊತ್ತಾಗಿ ಸೇರಿದರೆ ಚಳಿ, ದೂರ ಸರಿದು ಬಾಯಿ ಬಿಟ್ಟರೆ ಸೆಕೆ. ಕೊಕ್ಕರೆ ರೋಗದ ಮೊದಲ ಲಸಿಕೆಯನ್ನು ಮೊದಲ ವಾರದಲ್ಲಿಯೇ ಕಣ್ಣು ಅಥವಾ ಮೂಗಿಗೆ ತೊಟ್ಟಿಕ್ಕಿಸಿ, ಎರಡನೆಯದನ್ನು ಆರರಿಂದ ಎಂಟನೆಯ ವಾರದಲ್ಲಿ ಚುಚ್ಚಿಸುವುದು ರೂಢಿಯಲ್ಲಿರುವ ಕ್ರಮ. ಲಸಿಕೆಗೆ ಏರ್ಪಾಡು ಮಾಡದೆ ಯಂತ್ರ ಕೊಳ್ಳುವುದು ಕಟ್ಟೆ ಹಾಕದೆ ಕೆರೆಗೆ ನೀರು ತಿರುಗಿಸಿದಂತೆಯೇ ಸರಿ.

ಇಷ್ಟೆಲ್ಲ ಶ್ರಮದಿಂದ ಸಾಧಿಸುವುದೇನೆಂದು ಕೇಳಬಹುದು. ೨೦೧೨ರ ಅಕ್ಟೋಬರಿನಲ್ಲಿ ಹೆಸರಘಟ್ಟದ ಕೇಂದ್ರ ಕೋಳಿ ಅಭಿವೃದ್ಧಿ ಸಂಸ್ಥೆಯಲ್ಲಿ ಹಕ್ಕಿಜ್ವರ ಕಾಣಿಸಿಕೊಂಡು, ರೋಗ ಹರಡದಂತೆ ಅಲ್ಲಿನ ಪಕ್ಷಿಗಳನ್ನು ನಾಶಮಾಡಬೇಕಾಯಿತು. ಆ ಕ್ರಮ ಅನಿವಾರ್ಯವಾಗಿದ್ದಿತು. ಆದರೆ ಬಹುಕಾಲದ ಆಯ್ಕೆಯಿಂದ ಕೂಡಿಟ್ಟ ತಳಿಸಂಪತ್ತು ಒಂದೇ ಆವರಣದಲ್ಲಿದ್ದರೆ ಒಂದೇ ದುರ್ದಿನದಲ್ಲಿ ಅಳಿಯಬಲ್ಲುದೆಂಬ ಪಾಠವನ್ನೂ ಅದು ಕಲಿಸಿತು. ನಾಟಿ ಕೋಳಿಯ ಬೀಜ ಸಾವಿರ ಹಿತ್ತಿಲುಗಳಲ್ಲಿ ಹರಡಿಕೊಂಡಿರುವುದು ಹಿಂದುಳಿದಿರುವಿಕೆಯ ಲಕ್ಷಣವೆಂದು ಒಂದು ಕಾಲಕ್ಕೆ ಎಣಿಸಲಾಗುತ್ತಿತ್ತು. ಅದೊಂದು ಬಗೆಯ ಭದ್ರತೆಯೂ ಹೌದೆಂದು ಈಗ ತೋರುತ್ತದೆ. ಆದರೆ ಮನೆಮನೆಯಲ್ಲಿಯೂ ಶುಚಿತ್ವ, ಲಸಿಕೆ, ಹೊಸ ಕೋಳಿಗಳನ್ನು ಕೆಲವು ದಿನ ಪ್ರತ್ಯೇಕವಾಗಿರಿಸುವ ಎಚ್ಚರ ಇಲ್ಲದಿದ್ದಲ್ಲಿ ಆ ಭದ್ರತೆಯೂ ನಿಲ್ಲದು.

ಒಟ್ಟಿನಲ್ಲಿ, ಕೃತಕ ಕಾವಿನ ಇತಿಹಾಸವು ಕಾವು ಮನೆಯಿಂದ ಹೊರಟು ಕಾರ್ಖಾನೆಗೆ ಹೋದ ಕಥೆ. ಸಣ್ಣ ಕಾವುಪೆಟ್ಟಿಗೆ ಅದನ್ನು ಮರಳಿ ಮನೆಗೆ ತರಬಲ್ಲುದು. ಆದರೆ ಯಾರ ಕೈಗೆ? ಯಂತ್ರವನ್ನು ಯಜಮಾನನು ಕೊಂಡು, ಲೆಕ್ಕವನ್ನು ಅವನೇ ಇಟ್ಟು, ಮರಿಗಳ ಹಣವೂ ಅವನ ಜೇಬನ್ನೇ ಸೇರಿದರೆ, ಹೇಂಟೆಯ ದುಡಿಮೆಯೊಡನೆ ಮನೆಯೊಡತಿಯ ಗಂಟೂ ಅವಳ ಕೈಬಿಟ್ಟಂತಾದೀತು. ಅದೇ ಪೆಟ್ಟಿಗೆಯನ್ನು ನಾಲ್ಕಾರು ಮನೆಯ ಹೆಂಗಸರು ಕೂಡಿ ಕೊಂಡು, ಸರದಿಯಂತೆ ಮೊಟ್ಟೆಯಿಟ್ಟು, ಹಳೆಯ ವಾರದ ಪದ್ಧತಿಯಂತೆ ಮರಿಗಳನ್ನು ಪಾಲುಮಾಡಿಕೊಂಡರೆ, ಪತ್ರವಿಲ್ಲದ ಆ ಪ್ರಾಚೀನ ವ್ಯವಹಾರ ಹೊಸ ರೂಪದಲ್ಲಿ ಮುಂದುವರಿದಂತಾಗುತ್ತದೆ. ಮನೆವಾರ್ತೆಯ ಇಂತಹ ವಿಷಯಗಳಿಗೆ ಶಾಸನದ ಆಧಾರ ಸಿಕ್ಕದಿರಬಹುದು. ಹಳ್ಳಿಯ ಮುದುಕಿಯರ ನೆನಪಿನಲ್ಲಿ ಮಾತ್ರ ಆಧಾರಗಳು ಇನ್ನೂ ಇವೆ. ನಮ್ಮ ಕಾಲೇಜುಗಳ ವಿದ್ಯಾರ್ಥಿಗಳು ತಂತಮ್ಮ ಊರುಗಳಲ್ಲಿ, ಆ ನೆನಪುಗಳು ಅಳಿಯುವ ಮುನ್ನ, ಅವನ್ನು ಬರೆದಿಟ್ಟುಕೊಳ್ಳುವುದು ಅಗತ್ಯವೆಂದು ನಾವು ಭಾವಿಸುತ್ತೇವೆ.